ಶುಕ್ರವಾರದ ಒತ್ತಕ್ಷರ ಮತ್ತು ನನ್ನ ಫೋನಿನ ಹೋಮ್ ಸ್ಕ್ರೀನ್

ಮುಂಬೈ ಪಕ್ಕದ ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿಗೆ ದಿನಾ ಲೋಕಲ್ ರೈಲಿನಲ್ಲಿ ಹೋಗಿ ಬರುವವಳು ನಾನು. ಮನೆಯಲ್ಲಿ ಕುಂದಾಪುರದ ಕನ್ನಡ, ಆಫೀಸಿನಲ್ಲಿ ಹಿಂದಿ, ಮಾರ್ಕೆಟ್ಟಿನಲ್ಲಿ ಮರಾಠಿ. ಬಾಯಿಗೆ ಕನ್ನಡ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋದ ದಿನ ಬಿಟ್ಟರೆ ಮನೆಯ ಹೊರಗೆ ಒಂದು ಕನ್ನಡ ಅಕ್ಷರ ಓದುವುದೇ ಅಪರೂಪ.

ಇದು ಮನಸ್ಸಿಗೆ ತಟ್ಟಿದ್ದು ಬೆಸ್ಟ್, ಅಂದರೆ ಮುಂಬೈಯ ಸಿಟಿ ಬಸ್ಸಿನ ಸ್ಟಾಪಿನಲ್ಲಿ. ಬಸ್ಸಿನ ಹಣೆಯ ಮೇಲೆ ನಂಬರು ದೇವನಾಗರಿ ಅಂಕಿಯಲ್ಲಿತ್ತು. ಇಲ್ಲೇ ಹುಟ್ಟಿ ಬೆಳೆದ ನಮಗೆಲ್ಲ ಅದು ಅಭ್ಯಾಸ, ದೂರದಿಂದಲೇ ಓದುತ್ತೇವೆ. ಮರಾಠಿಯವರ ಅಂಕಿ ನನಗೆ ಇಷ್ಟು ಸಲೀಸು, ನಮ್ಮ ೪, ೭ ಬರೆಯಲು ಹೋದರೆ ಒಂದು ಗಳಿಗೆ ಯೋಚಿಸಬೇಕು ಅಂತ ಅನ್ನಿಸಿದಾಗ ನಿಜಕ್ಕೂ ಬೇಜಾರಾಯಿತು. ಊರಿನ ಬೋರ್ಡು ಬದಲಾಯಿಸುವುದು ನನ್ನ ಕೆಲಸ ಅಲ್ಲ. ಆದರೆ ಬೆಳಗಿನಿಂದ ರಾತ್ರಿಯ ತನಕ ನಾನು ಅತಿ ಹೆಚ್ಚು ನೋಡುವ ಬೋರ್ಡು ನನ್ನ ಕೈಯಲ್ಲೇ ಇದೆ, ಅಲ್ವಾ? ಫೋನಿನ ಹೋಮ್ ಸ್ಕ್ರೀನ್. ಅದನ್ನಾದರೂ ಕನ್ನಡ ಮಾಡೋಣ ಅಂತ ಕುಳಿತೆ.

ಮೊದಲು ಫೋನಿನ ಭಾಷೆಯನ್ನೇ ಕನ್ನಡ ಮಾಡಿದೆ. ಇದು ಎರಡು ನಿಮಿಷದ ಕೆಲಸ. ಕೆಲವು ಆ್ಯಪ್‌ಗಳ ಹೆಸರು ತಾನಾಗಿ ಬದಲಾಯಿತು, ಕ್ಲಾಕ್ ಹೋಗಿ ಗಡಿಯಾರ ಬಂತು. ಉಳಿದವು ಇಂಗ್ಲಿಷಿನಲ್ಲೇ ಉಳಿದವು, ಯಾಕೆಂದರೆ ಐಕಾನ್ ಕೆಳಗಿನ ಹೆಸರನ್ನು ಆ ಆ್ಯಪ್ ಮಾಡಿದವರೇ ಕೊಡಬೇಕು. ಕೆಲಸದ ಆ್ಯಪ್‌ಗಳು ಇಂಗ್ಲಿಷಿನಲ್ಲೇ ಇರಲಿ ಅನ್ನುವವರು ಹೆದರಬೇಕಿಲ್ಲ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೆ ಬೇರೆ ಬೇರೆ ಭಾಷೆ ಇಡಬಹುದು. ಎಲ್ಲ ಆ್ಯಪ್‌ಗೂ ಆಗುವುದಿಲ್ಲ, ಭಾಷೆಯ ಸೆಟ್ಟಿಂಗಿನಲ್ಲಿ ಪಟ್ಟಿ ಇರುತ್ತದೆ, ನೋಡಿಕೊಳ್ಳಿ.

ಉಳಿದ ಹೆಸರುಗಳಿಗೆ ಬೇರೆ ಲಾಂಚರ್ ಬೇಕಾಯಿತು. ಲಾಂಚರ್ ಅಂದರೆ ಹೋಮ್ ಸ್ಕ್ರೀನನ್ನು ನಡೆಸುವ ಆ್ಯಪ್. ಆಂಡ್ರಾಯ್ಡಿನಲ್ಲಿ ಕಂಪನಿ ಕೊಟ್ಟದ್ದನ್ನು ಬದಿಗಿಟ್ಟು ನಮಗೆ ಬೇಕಾದದ್ದನ್ನು ಹಾಕಿಕೊಳ್ಳಬಹುದು. ನಾನು ತುಂಬಾ ವರ್ಷ ನೋವಾ ಬಳಸಿದವಳು. 2011ರಿಂದ ಇದ್ದ ಲಾಂಚರ್ ಅದು. ಅದನ್ನು ಕಟ್ಟಿದ ಕೆವಿನ್ ಬ್ಯಾರಿ 2025ರಲ್ಲಿ ಹೊರಬಂದ ಮೇಲೆ ನಾನು ಲಾನ್‌ಚೇರ್‌ಗೆ ಬಂದೆ. ಇದು ಓಪನ್ ಸೋರ್ಸ್, ಅಂದರೆ ಇದರ ಕೋಡ್ ಯಾರು ಬೇಕಾದರೂ ನೋಡಬಹುದು, ಹಗುರ ಕೂಡ. ಎರಡರಲ್ಲೂ ಐಕಾನನ್ನು ಒತ್ತಿ ಹಿಡಿದರೆ ಹೆಸರು ಬದಲಾಯಿಸಬಹುದು.

ಹೆಸರಿಡುವುದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ. ಸುಮ್ನೆ ಇಂಗ್ಲಿಷ್ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಉದ್ದ ಆಗುತ್ತದೆ, ಅರ್ಧಕ್ಕೇ ಕತ್ತರಿಸಿ ಮೂರು ಚುಕ್ಕೆ ತೋರಿಸುತ್ತದೆ. ಹಾಗಾಗಿ ಆ್ಯಪ್ ಏನು ಮಾಡುತ್ತದೋ ಅದನ್ನೇ ಹೆಸರು ಮಾಡಿದೆ. ಲೋಕಲ್ ರೈಲಿನ ಸಮಯ ನೋಡುವ ಎಂ-ಇಂಡಿಕೇಟರ್ ‘ಗಾಡಿ’ ಆಯಿತು. ಮ್ಯಾಪು ‘ದಾರಿ’. ವಾಟ್ಸ್ಆ್ಯಪ್ ‘ಮಾತು’. ಯುಪಿಐ ‘ದುಡ್ಡು’. ಗ್ಯಾಲರಿಗೆ ‘ಪಟ’ ಅಂತ ಇಟ್ಟೆ, ಅಮ್ಮ ಫೋಟೋಗೆ ಇವತ್ತಿಗೂ ಪಟ ಅಂತಲೇ ಹೇಳುವುದು. ಎರಡೆರಡು ಅಕ್ಷರದ ಈ ಮಾತುಗಳು ಐಕಾನ್ ಕೆಳಗೆ ಎಷ್ಟು ಚಂದ ಕೂರುತ್ತವೆ ಅಂದರೆ, ಕನ್ನಡ ಫೋನಿಗೆ ಉದ್ದ ಆಗುತ್ತದೆ ಅನ್ನುವ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ.

ಜಾಗದ ವಿಷಯದಲ್ಲಿ ಒಂದು ಮಾತು. ಲೋಕಲ್‌ನಲ್ಲಿ ಒಂದು ಕೈ ಹ್ಯಾಂಡಲ್ ಹಿಡಿದಿರುತ್ತದೆ, ಫೋನು ಇನ್ನೊಂದು ಕೈಯಲ್ಲಿ, ಹೆಬ್ಬೆರಳು ಮುಟ್ಟುವುದು ಕೆಳಗಿನ ಅರ್ಧ ಮಾತ್ರ. ಅದಕ್ಕೆ ಒತ್ತುವಂಥದ್ದೆಲ್ಲ ಕೆಳಗೆ, ಬರೀ ನೋಡುವಂಥದ್ದು ಮೇಲೆ. ಎಂಟೇ ಐಕಾನ್ ಇಟ್ಟಿದ್ದೇನೆ. ವಾಲ್‌ಪೇಪರ್ ನಮ್ಮೂರ ಮನೆಯ ಹಿಂದಿನ ಅಡಿಕೆ ತೋಟ, ಮಳೆಗಾಲದ್ದು. 2021ರ ಆಂಡ್ರಾಯ್ಡ್ 12ರಿಂದ ಫೋನು ವಾಲ್‌ಪೇಪರಿನ ಬಣ್ಣ ತೆಗೆದು ಬಟನ್ನು, ಮೆನುಗಳಿಗೆಲ್ಲ ಬಳಿಯುತ್ತದೆ. ಹಾಗೆ ತೋಟದ ಹಸಿರು ಈಗ ಇಡೀ ಫೋನಿನಲ್ಲಿ ಇದೆ.

ಇನ್ನು ಗಡಿಯಾರ. ನಿಜವಾದ ಕೆಲಸ ಇದ್ದದ್ದು ಇಲ್ಲೇ.

ಭಾಷೆ ಕನ್ನಡ ಮಾಡಿದರೂ ನನ್ನ ಫೋನು ಸಮಯವನ್ನು 1, 2, 3 ಎಂದೇ ತೋರಿಸುತ್ತಿತ್ತು. ಯಾವ ಭಾಷೆಯಲ್ಲಿ ಅಂಕಿ, ತಾರೀಕು ಹೇಗೆ ತೋರಿಸಬೇಕು ಅಂತ ಹೇಳುವ, ಅಕ್ಷರಗಳಿಗೆ ನಿಯಮ ಮಾಡುವ ಸಂಸ್ಥೆಯಾದ ಯೂನಿಕೋಡ್‌ನ ಸಿಎಲ್‌ಡಿಆರ್ ಅಂತ ಒಂದು ದೊಡ್ಡ ಪಟ್ಟಿ ಇದೆ. ಅದರಲ್ಲಿ ಮರಾಠಿಗೆ ದೇವನಾಗರಿ ಅಂಕಿ ತಾನಾಗಿ ಬರುವಂತೆ ಇದೆ, ಕನ್ನಡಕ್ಕೆ ಇಂಗ್ಲಿಷ್ ಅಂಕಿ. ನಾವೇ ದಿನನಿತ್ಯ ನಮ್ಮ ಅಂಕಿ ಬಳಸುವುದು ಕಡಿಮೆ, ಹಾಗಾಗಿ ಇದು ತಪ್ಪು ಅಂತ ಹೇಳಲಾರೆ. ಆದರೆ ನನಗೆ ೮:೦೬ ಎಂದೇ ಬೇಕಿತ್ತು.

ಅದಕ್ಕೆ ಕೆಡಬ್ಲ್ಯೂಜಿಟಿ ಹಾಕಿದೆ. ನಮ್ಮ ಕೈಯಾರೆ ವಿಜೆಟ್, ಅಂದರೆ ಹೋಮ್ ಸ್ಕ್ರೀನಿನ ಮೇಲೇ ಸಮಯ, ತಾರೀಕು ತೋರಿಸುವ ಚೌಕ, ಕಟ್ಟುವ ಆ್ಯಪ್ ಇದು. ಇದರಲ್ಲಿ ಸಮಯಕ್ಕೆ ಒಂದು ಸೂತ್ರ ಬರೆಯಬೇಕು, ಆ ಸೂತ್ರವನ್ನು ಇನ್ನೊಂದರೊಳಗೆ ಇಟ್ಟು, ಒಂದು ಬಂದರೆ ೧ ಹಾಕು, ಎರಡು ಬಂದರೆ ೨ ಹಾಕು ಅಂತ ಸೊನ್ನೆಯ ತನಕ ಹತ್ತು ಸಲ ಹೇಳಬೇಕು, ಕೊನೆಗೆ ಆವರಣ ಚಿಹ್ನೆಗಳನ್ನೆಲ್ಲ ಸರಿಯಾಗಿ ಮುಚ್ಚಬೇಕು, ಒಂದು ತಪ್ಪಿದರೂ ಏನೂ ಬರುವುದಿಲ್ಲ. ಒಂದು ಶನಿವಾರ ಮಧ್ಯಾಹ್ನ ಪೂರ್ತಿ ಹೋಯಿತು. ಮೊದಲ ಸಲ ಪರದೆಯ ಮೇಲೆ ೪:೩೭ ಅಂತ ಮೂಡಿದಾಗ ಆದ ಸಂತೋಷ ಎಷ್ಟು ಅಂತ ಹೇಳಲಿ!

ಅಕ್ಷರಕ್ಕೆ ‘ಅನೇಕ್ ಕನ್ನಡ’ ಫಾಂಟ್ ಆರಿಸಿದೆ. ಇದನ್ನು ಮಾಡಿದ್ದು ಏಕ್ ಟೈಪ್, ಮುಂಬೈಯವರೇ. ಒಂಬತ್ತು ಭಾರತೀಯ ಲಿಪಿ ಮತ್ತು ಇಂಗ್ಲಿಷ್ ಲಿಪಿಗೆ ಒಂದೇ ಮನೆತನದ ಅಕ್ಷರ ಮಾಡಿದ್ದಾರೆ, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ದುಂಡಗೆ, ದಪ್ಪಗೆ ಬೇಕು ಅನ್ನುವವರಿಗೆ ಅವರದ್ದೇ ‘ಬಾಲೂ ತಮ್ಮ’ ಇದೆ. ಡೌನ್‌ಲೋಡ್ ಮಾಡಿದಾಗ ಒಳಗೆ ಸ್ಟ್ಯಾಟಿಕ್ ಅಂತ ಫೋಲ್ಡರ್ ಇರುತ್ತದೆ, ಅದರಲ್ಲಿನ ಫೈಲ್ ತೆಗೆದುಕೊಳ್ಳಿ, ವಿಜೆಟ್‌ಗೆ ಅದೇ ಸುಲಭ. ಅಂಕಿ ಸ್ವಲ್ಪ ದೊಡ್ಡದಿರಲಿ. ೬ ಮತ್ತು ೯ ಚಿಕ್ಕದಾಗಿ ಬರೆದರೆ ಓಡುವಾಗ ಒಂದೇ ಥರ ಕಾಣುತ್ತವೆ.

ಮೂರನೇ ದಿನಕ್ಕೇ ಒಂದು ಎಡವಟ್ಟಾಯಿತು. ಮನೆಯಿಂದ ಹೊರಡುವಾಗ ೭:೫೨ ನೋಡಿದ್ದೆ, ಬೇಕಾದಷ್ಟು ಹೊತ್ತಿದೆ ಅಂತ ಆರಾಮಾಗಿ ನಡೆದೆ, ಸ್ಟೇಷನ್ ಹತ್ತಿರ ಬಂದು ನೋಡಿದರೂ ೭:೫೨. ನನ್ನ ಫಾಸ್ಟ್ ಲೋಕಲ್ ಹೊರಟುಹೋಗಿತ್ತು. ಬ್ಯಾಟರಿ ಉಳಿಸಲು ಫೋನೇ ವಿಜೆಟ್ಟನ್ನು ಮಲಗಿಸಿತ್ತು. ಬ್ಯಾಟರಿ ಸೆಟ್ಟಿಂಗಿಗೆ ಹೋಗಿ ಆ ಆ್ಯಪ್‌ಗೆ ಯಾವ ನಿರ್ಬಂಧವೂ ಬೇಡ ಅಂತ ಕೊಟ್ಟ ಮೇಲೆ ಮತ್ತೆ ಹಾಗಾಗಿಲ್ಲ. ನೀವು ಇದನ್ನು ಮೊದಲ ದಿನವೇ ಮಾಡಿ. ಹಾಗೇ ಲಾಂಚರಿನ ಬ್ಯಾಕಪ್ ಕೂಡ ತೆಗೆದಿಡಿ.

ಗಡಿಯಾರದ ಕೆಳಗೆ ವಾರದ ಹೆಸರು. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಎಲ್ಲ ಚೆನ್ನಾಗಿ ಬಂತು. ಶುಕ್ರವಾರ ಬೆಳಿಗ್ಗೆ ನೋಡಿದರೆ ಕ್ರ ಅಕ್ಷರದ ಒತ್ತಿಗೆ ಕಾಲೇ ಇಲ್ಲ, ಕೆಳಗೆ ಕತ್ತರಿಸಿಹೋಗಿದೆ. ಆಗ ಗೊತ್ತಾಯಿತು, ವಾರದ ಏಳು ಹೆಸರಿನಲ್ಲಿ ಒತ್ತಕ್ಷರ ಇರುವುದು ಶುಕ್ರವಾರಕ್ಕೆ ಮಾತ್ರ! ಇಂಗ್ಲಿಷಿನ ಅಳತೆಯಲ್ಲಿ ಸಾಲಿನ ಎತ್ತರ ಇಟ್ಟರೆ ನಮ್ಮ ಅಕ್ಷರಕ್ಕೆ ಕೆಳಗೆ ಜಾಗ ಸಾಲದು. ಕೆಳಗೆ ಸ್ವಲ್ಪ ಖಾಲಿ ಬಿಟ್ಟೆ, ಸರಿಹೋಯಿತು. ಕನ್ನಡದಲ್ಲಿ ಏನೇ ಕಟ್ಟಿದರೂ ‘ಶುಕ್ರವಾರ’ ಬರೆದು ನೋಡಿ ಅಂತ ನಾನೀಗ ಎಲ್ಲರಿಗೂ ಹೇಳುತ್ತೇನೆ.

ತಂಗಿಯದು ಐಫೋನ್. ಅದರಲ್ಲಿ ಆ್ಯಪ್ ಹೆಸರು ನೇರವಾಗಿ ಬದಲಾಗುವುದಿಲ್ಲ. ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಿ ‘ಈ ಆ್ಯಪ್ ತೆರೆ’ ಅಂತ ಒಂದು ಶಾರ್ಟ್‌ಕಟ್ ಮಾಡಿ, ಕನ್ನಡ ಹೆಸರು ಕೊಟ್ಟು ಹೋಮ್ ಸ್ಕ್ರೀನಿಗೆ ತಂದೆವು. ಹೊಸ ಮೆಸೇಜಿನ ಕೆಂಪು ಚುಕ್ಕೆ ಅದರ ಮೇಲೆ ಬರುವುದಿಲ್ಲ, ಅದೊಂದು ಕೊರತೆ.

ಮೊನ್ನೆ ರಜೆ ಇತ್ತು. ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಫೋನನ್ನು ಹತ್ತಿರ ಹಿಡಿದು ೯:೧೫ ಅಂತ ಜೋರಾಗಿ ಓದಿದರು. ಅಪ್ಪ ಹದಿನಾಲ್ಕನೇ ವಯಸ್ಸಿಗೆ ಮುಂಬೈಯ ಫೋರ್ಟಿನ ಕ್ಯಾಂಟೀನಿಗೆ ಬಂದು, ಹಗಲು ಕೆಲಸ ಮಾಡಿ ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ನಾನು ತಡವರಿಸುವ ಅಂಕಿಗಳಲ್ಲಿ ಅವರು ಒಂದು ಕಡೆಯೂ ತಡವರಿಸಲಿಲ್ಲ. ಆಮೇಲೆ ಕೆಳಗಿನ ಸಾಲು ನೋಡಿ, ‘ಇದೆಂತ ಮಗಾ ಭಾನುವಾರ? ಆಯ್ತಾರ ಅಂದೇಳಿ ಹಾಕ್’ ಅಂದರು.

ಹಾಕಿದೆ. ಅದಕ್ಕೂ ಅದೇ ಸೂತ್ರ, ಭಾನುವಾರ ಬಂದರೆ ಆಯ್ತಾರ ಅಂತ ತೋರಿಸು. ಅದರಲ್ಲೂ ಒಂದು ಒತ್ತು ಇದೆ, ಶುಕ್ರವಾರಕ್ಕೆ ಅಂತ ಬಿಟ್ಟ ಜಾಗದಲ್ಲೇ ಸರಿಯಾಗಿ ಕೂತಿತು. ಈಗ ಅಪ್ಪನ ಫೋನಿಗೂ ಇದೇ ಬೇಕಂತೆ, ಅಂಕಿ ಇನ್ನೂ ದಪ್ಪ ಇರಲಿ ಅಂದಿದ್ದಾರೆ.