ಸೂರ್ಯನ ಕುದುರೆ ನಿಮ್ಮನ್ನೇ ನೋಡೋದು ನಿಜವಾ?

ಹುಳಗಳ ಫೋಟೋ ತೆಗೆಯುವವರ ಗೋಳು ಒಂದೇ. ಇರುವೆಯಾಗಲಿ, ಜೀರುಂಡೆಯಾಗಲಿ, ನಮ್ಮ ಕಡೆ ತಿರುಗಿ ನೋಡೋದೇ ಇಲ್ಲ. ಎಷ್ಟೇ ಚೆನ್ನಾಗಿ ತೆಗೆದರೂ ಅದು ತನ್ನ ಪಾಡಿಗೆ ತಾನು ಎಲ್ಲಿಗೋ ಹೊರಟಿರುವ ಫೋಟೋ. ಸೂರ್ಯನ ಕುದುರೆ, ಅದೇ ಪ್ರೇಯಿಂಗ್ ಮ್ಯಾಂಟಿಸ್, ಹಾಗಲ್ಲ. ಕ್ಯಾಮೆರಾ ಹತ್ತಿರ ತಂದರೆ ಕತ್ತು ತಿರುಗಿಸಿ ನೆಟ್ಟಗೆ ಲೆನ್ಸ್ ಕಡೆ ಮುಖ ಮಾಡುತ್ತದೆ. ನೀವು ಎಡಕ್ಕೆ ಸರಿದರೆ ತಲೆಯೂ ಎಡಕ್ಕೆ ಬರುತ್ತದೆ. ಬಲಕ್ಕೆ ಹೋದರೆ ಬಲಕ್ಕೆ. ಆ ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ಬೇರೆ ಇರುತ್ತದೆ, ಅದೂ ನಿಮ್ಮ ಜೊತೆಗೇ ಜರುಗುತ್ತದೆ. "ಯಾರಯ್ಯಾ ನೀನು, ಏನು ಸಮಾಚಾರ?" ಅಂತ ಕೇಳುವ ಮುಖ ಅದು.

ಈ ನೋಟದಲ್ಲಿ ಅರ್ಧ ನಿಜ, ಅರ್ಧ ಬರೀ ಬೆಳಕಿನ ಆಟ. ಯಾವುದು ಯಾವುದು ಅಂತ ಗೊತ್ತಿದ್ದರೆ ಫೋಟೋ ತೆಗೆಯುವ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಆ ಚುಕ್ಕೆ. ಅದು ಕಣ್ಣುಪಾಪೆ ಅಲ್ಲವೇ ಅಲ್ಲ. ಮ್ಯಾಂಟಿಸ್‌ನ ಒಂದೊಂದು ದೊಡ್ಡ ಕಣ್ಣೂ ಸಾವಿರಾರು ಪುಟ್ಟ ಕಣ್ಣುಗಳ ಗೊಂಚಲು. ಪ್ರತಿಯೊಂದೂ ಸಣ್ಣ ಕೊಳವೆಯ ಆಕಾರದಲ್ಲಿದ್ದು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತದೆ. ನಮ್ಮ ಕಡೆಗೆ ನೇರವಾಗಿ ತಿರುಗಿರುವ ಕೊಳವೆಗಳ ಒಳಗೆ ಹೋದ ಬೆಳಕು ಅಲ್ಲೇ ಇಂಗಿಹೋಗುತ್ತದೆ, ಹೊರಗೆ ಬರೋದಿಲ್ಲ. ಅಷ್ಟು ಜಾಗ ಕಪ್ಪು. ಸುತ್ತಲಿನವು ನಮಗೆ ಓರೆಯಾಗಿರುವುದರಿಂದ ಅವುಗಳ ಹಸಿರೋ ಕಂದೋ ಬಣ್ಣ ಮಾತ್ರ ಕಾಣುತ್ತದೆ. ಹಾಗಾಗಿ ನೀವು ಎಲ್ಲಿ ನಿಂತರೂ ಚುಕ್ಕೆ ನಿಮ್ಮ ಕಡೆಗೇ. ಹತ್ತು ಜನ ಸುತ್ತ ನಿಂತರೆ ಹತ್ತೂ ಜನರಿಗೆ ಅದು ತಮ್ಮನ್ನೇ ನೋಡುತ್ತಿದೆ ಅನ್ನಿಸುತ್ತದೆ! ಇದಕ್ಕೆ ಹುಸಿ ಪಾಪೆ ಅನ್ನಬಹುದು.

ಆದರೆ ತಲೆ ತಿರುಗಿಸೋದು ಹುಸಿ ಅಲ್ಲ. ಅದು ನಿಜವಾಗಿಯೂ ನಿಮ್ಮನ್ನು ಅಳೆಯುತ್ತಿದೆ. ಎರಡು ಕಣ್ಣಿನ ನೋಟ ಸೇರಿಸಿ ದೂರ ಲೆಕ್ಕ ಹಾಕುವ ಶಕ್ತಿ ಮ್ಯಾಂಟಿಸ್‌ಗೆ ಇದೆ ಅಂತ 1983ರಲ್ಲಿ ಸ್ಯಾಮ್ಯುಯೆಲ್ ರಾಸೆಲ್ ಎಂಬ ವಿಜ್ಞಾನಿ ಅದರ ಕಣ್ಣ ಮುಂದೆ ಪ್ರಿಸಮ್ ಇಟ್ಟು ತೋರಿಸಿದರು. ಆಮೇಲೆ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋಗಿ, ಜೇನುಮೇಣ ಹಚ್ಚಿ ಮ್ಯಾಂಟಿಸ್‌ಗೆ ಪುಟಾಣಿ 3ಡಿ ಕನ್ನಡಕವನ್ನೇ ಹಾಕಿಬಿಟ್ಟರು. ಪರದೆ ಮೇಲಿನ ಬಿಂಬ ಹತ್ತಿರ ಬಂದ ಹಾಗೆ ಕಂಡಾಗ ಅದು ಬೇಟೆ ಅಂತ ಹಿಡಿಯೋಕೆ ಮುಂಗಾಲು ಬೀಸಿತು. ಕನ್ನಡಕ ಹಾಕಿಕೊಂಡ ಆ ಹುಳದ ಫೋಟೋ ನೀವೂ ನೋಡಿರಬಹುದು. ನನಗಂತೂ ಈಗಲೂ ನಗು ಬರುತ್ತದೆ.

ಸರಿ, ಇದರಿಂದ ಫೋಟೋಗೆ ಏನು ಪ್ರಯೋಜನ? ಬಹಳ ಇದೆ. ಚುಕ್ಕೆ ಎಲ್ಲಿ ಬೀಳುತ್ತದೆ ಅನ್ನೋದು ಪೂರ್ತಿ ನಿಮ್ಮ ಕೈಯಲ್ಲಿದೆ. ನಿಂತುಕೊಂಡು ಮೇಲಿಂದ ತೆಗೆದರೆ ಚುಕ್ಕೆ ಕಣ್ಣಿನ ಮೇಲ್ಭಾಗಕ್ಕೆ ಬಂದು ಹುಳ ಬೇಸತ್ತು ಆಕಾಶ ನೋಡುತ್ತಿರುವ ಹಾಗೆ ಕಾಣುತ್ತದೆ. ಪಕ್ಕದಿಂದ ತೆಗೆದರೆ ಒಂದೇ ಚುಕ್ಕೆ ಸಿಗುತ್ತದೆ, ಮುಖಕ್ಕೆ ಭಾವನೆಯೇ ಇರೋದಿಲ್ಲ. ಅದರ ಮುಖದ ಎತ್ತರಕ್ಕೇ ಕ್ಯಾಮೆರಾ ಇಳಿಸಿ, ಬೇಕಾದರೆ ನೆಲದ ಮೇಲೆ ಮಲಗಿ. ಎರಡೂ ಕಣ್ಣಿನಲ್ಲಿ ಚುಕ್ಕೆ ಒಂದೇ ಮಟ್ಟದಲ್ಲಿ ಕಾಣುವ ತನಕ ಎಡಬಲ ಚೂರು ಚೂರೇ ಸರಿಯಿರಿ. ಆಗ ಸಿಗುತ್ತದೆ ಆ ದುರುಗುಟ್ಟುವ ನೋಟ.

ಸಂಜೆ ಕತ್ತಲಾದ ಮೇಲೆ ಇದು ಸಿಗೋದಿಲ್ಲ, ನೆನಪಿರಲಿ. ಬೆಳಕು ಕಡಿಮೆಯಾದಂತೆ ಕಣ್ಣಿನೊಳಗಿನ ಬಣ್ಣದ ಕಣಗಳು ಜಾಗ ಬದಲಿಸುತ್ತವೆ. ಹಸಿರು ಕಣ್ಣು ಪೂರ್ತಿ ಕಪ್ಪಾಗುತ್ತದೆ, ಚುಕ್ಕೆ ಅದರಲ್ಲಿ ಮುಳುಗಿಹೋಗುತ್ತದೆ. ಕೆಲವರಿಗೆ ಆ ಕಪ್ಪು ಕಣ್ಣೇ ಇಷ್ಟ, ಏನೋ ಭೂತದ ಸಿನಿಮಾ ಕಳೆ ಇರುತ್ತದೆ. ನನಗೆ ಹಗಲಿನದೇ ಸರಿ. ಬೆಳಗ್ಗೆ ತಂಪು ಹೊತ್ತಾದರೆ ಇನ್ನೂ ಒಳ್ಳೇದು, ಮೈ ಬಿಸಿಯಾಗುವ ತನಕ ಅದು ಹೆಚ್ಚು ಓಡಾಡೋದಿಲ್ಲ.

ಈಗ ಒಂದು ಜಗಳದ ವಿಷಯ. ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಕೈಗೆ ಬಂದ ಕೂಡಲೇ ಎಲ್ಲರಿಗೂ 1:1, ಅಂದರೆ ಹುಳ ಎಷ್ಟಿದೆಯೋ ಕ್ಯಾಮೆರಾದ ಸೆನ್ಸರ್ ಮೇಲೆ ಬಿಂಬವೂ ಅಷ್ಟೇ ಬೀಳುವ ಅಳತೆ, ಅದರ ಹುಚ್ಚು ಹಿಡಿಯುತ್ತದೆ. ಎಷ್ಟು ಸಾಧ್ಯವೋ ಅಷ್ಟು ದೊಡ್ಡದಾಗಿ ತೆಗೆಯಬೇಕು ಅಂತ. ಮ್ಯಾಂಟಿಸ್ ವಿಷಯದಲ್ಲಿ ಅದು ಬೇಡ ಅಂತೀನಿ ನಾನು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 1:1 ಇಟ್ಟು, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬಿಡುವ ಕಿಂಡಿ) ಎಫ್/8ಕ್ಕೆ ಇಟ್ಟು ತೆಗೆದರೆ ಸ್ಪಷ್ಟವಾಗಿ ಬರೋದು ಸುಮಾರು 1 ಮಿಲಿಮೀಟರ್ ಆಳ ಮಾತ್ರ. ಕಣ್ಣು ಬಂದರೆ ಬಾಯಿ ಮಸುಕು, ಬಾಯಿ ಬಂದರೆ ಕಣ್ಣು ಮಸುಕು. ಅಪರ್ಚರ್ ಇನ್ನೂ ಚಿಕ್ಕದು ಮಾಡೋಣ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಅಂದರೆ, 1:1ರಲ್ಲಿ ಎಫ್/8 ಅಂದರೇ ಲೆಕ್ಕದಲ್ಲಿ ಎಫ್/16 ಆಗಿರುತ್ತದೆ, ಅದಕ್ಕಿಂತ ತುಂಬಾ ಮುಂದೆ ಹೋದರೆ ಇಡೀ ಫೋಟೋ ಮೆತ್ತಗಾಗುತ್ತದೆ. ಅದೇ 1:2ಕ್ಕೆ, ಅಂದರೆ ಬಿಂಬ ಅರ್ಧ ಅಳತೆಗೆ, ಇಳಿಸಿ ನೋಡಿ. ಆಳ ಹತ್ತಿರ ಹತ್ತಿರ 3 ಮಿಲಿಮೀಟರ್ ಆಗುತ್ತದೆ. ಮುಖದ ಜೊತೆಗೆ ಮಡಿಚಿಟ್ಟ ಆ ಮುಂಗಾಲುಗಳೂ ಚೌಕಟ್ಟಿನಲ್ಲಿ ಬರುತ್ತವೆ. ಆ ಕಾಲುಗಳಿಲ್ಲದೆ ಮ್ಯಾಂಟಿಸ್ ಎಂಥದು, ಅಲ್ವಾ? ಬರೀ ತ್ರಿಕೋನದ ಮುಖ ಆಗುತ್ತದೆ ಅಷ್ಟೆ.

ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿ ತೆಗೆದ ಹಲವು ಫೋಟೋ ಸೇರಿಸಿ ಒಂದು ಮಾಡುವ ಫೋಕಸ್ ಸ್ಟ್ಯಾಕಿಂಗ್ ಇದೆಯಲ್ಲ ಅನ್ನಬಹುದು. ಇದೆ, ಆದರೆ ಹುಳ ಅಲ್ಲಾಡದೆ ಕೂತಾಗ ಮಾತ್ರ. ಮ್ಯಾಂಟಿಸ್ ಮೀಸೆಯನ್ನಾದರೂ ಆಡಿಸುತ್ತಲೇ ಇರುತ್ತದೆ.

ಬೆಳಕಿಗೆ ಫ್ಲ್ಯಾಶ್ ಬೇಕೇ ಬೇಕು ಅಂತಿಲ್ಲ, ಹಾಕಿದರೆ ಬೆಳಕನ್ನು ಹರಡಿ ಮೆದು ಮಾಡುವ ಡಿಫ್ಯೂಸರ್ ಮಾತ್ರ ಬೇಕೇ ಬೇಕು. ಕಣ್ಣು ನುಣುಪಾಗಿ ಹೊಳೆಯುವುದರಿಂದ ಬರಿ ಫ್ಲ್ಯಾಶ್ ಹೊಡೆದರೆ ಚೂಪಾದ ಬಿಳಿ ಚುಕ್ಕೆಯೊಂದು ಬಂದು ಕಪ್ಪು ಚುಕ್ಕೆಯ ಮೇಲೆಯೇ ಕೂರುತ್ತದೆ. ಬಿಳಿ ಪ್ಲಾಸ್ಟಿಕ್ ಹಾಳೆಯೋ, ಬೆಣ್ಣೆ ಕಾಗದವೋ, ದೊಡ್ಡದಾಗಿ ಲೆನ್ಸ್ ತುದಿಯ ತನಕ ಚಾಚಿರಲಿ.

ಇನ್ನು ತೂಗಾಟ. ಮ್ಯಾಂಟಿಸ್ ಸುಮ್ನೆ ಕೂತಲ್ಲೇ ಅತ್ತಿಂದಿತ್ತ ಓಲಾಡುತ್ತದೆ, ಗಾಳಿ ಇಲ್ಲದಿದ್ದರೂ. ಗಾಳಿಗೆ ಆಡುವ ಎಲೆಗಳ ನಡುವೆ ಮರೆಯಾಗೋದಕ್ಕೂ ಅದು ಬೇಕು, ಪಕ್ಕಕ್ಕೆ ಸರಿದು ನೋಡಿ ದೂರ ಅಂದಾಜು ಮಾಡೋದಕ್ಕೂ ಬೇಕು. ಫೋಟೋ ತೆಗೆಯುವವರಿಗೆ ತಲೆನೋವು. ಆದರೆ ಗಮನಿಸಿ, ಪ್ರತಿ ಸಲ ಒಂದು ಕೊನೆ ಮುಟ್ಟಿ ವಾಪಸ್ ಹೊರಡುವಾಗ ಅರೆಗಳಿಗೆ ನಿಲ್ಲುತ್ತದೆ. ಆಟೋಫೋಕಸ್ ಆಫ್ ಮಾಡಿ, ಆ ಕೊನೆಗೇ ಫೋಕಸ್ ಇಟ್ಟುಕೊಂಡು ಕಾದರೆ ಹುಳ ತಾನೇ ಫೋಕಸ್‌ಗೆ ಬಂದು ನಿಲ್ಲುತ್ತದೆ.

ಬೇಟೆ ಹಿಡಿಯುವ ಕ್ಷಣಕ್ಕೆ ಮಾತ್ರ ಆಸೆ ಪಡಬೇಡಿ. ಮುಂಗಾಲು ಚಾಚಿ ಬೇಟೆ ಹಿಡಿಯೋಕೆ ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ನಮ್ಮ ಬೆರಳು ಒತ್ತುವ ಹೊತ್ತಿಗೆ ಊಟ ಶುರುವಾಗಿರುತ್ತದೆ. ನನಗೆ ಇಷ್ಟವಾದದ್ದು ಊಟ ಆದ ಮೇಲಿನ ದೃಶ್ಯ. ಮುಂಗಾಲಿನ ಒಂದೊಂದೇ ಮುಳ್ಳನ್ನು ಬಾಯಿಗೆ ತಂದು, ಬುಡದಿಂದ ತುದಿಯ ತನಕ ಚೀಪಿ ಶುಚಿ ಮಾಡುತ್ತದೆ. ಆಮೇಲೆ ಕಾಲು ಬಗ್ಗಿಸಿ ಕಣ್ಣಿನ ಮೇಲೆ ಸವರಿಕೊಳ್ಳುತ್ತದೆ, ಥೇಟ್ ಬೆಕ್ಕು ಮುಖ ತೊಳೆದ ಹಾಗೆ. ಅಷ್ಟು ಹೊತ್ತೂ ನಿಮ್ಮ ಗೊಡವೆ ಅದಕ್ಕಿರೋದಿಲ್ಲ. ಬೇಕಾದಷ್ಟು ತೆಗೆದುಕೊಳ್ಳಿ.

ಒಂದೆರಡು ವಿಷಯಕ್ಕೆ ನನಗೆ ಸಿಟ್ಟಿದೆ. ಹುಳ ಅಲ್ಲಾಡಬಾರದು ಅಂತ ಫ್ರಿಜ್‌ನಲ್ಲಿಟ್ಟು ತಂಪು ಮಾಡಿ ತೆಗೆಯುವವರಿದ್ದಾರೆ. ಅಂಥ ಫೋಟೋದಲ್ಲಿ ಮೀಸೆ ಜೋಲುಬಿದ್ದು ಕಾಲು ಅಡ್ಡಾದಿಡ್ಡಿ ಇರುತ್ತದೆ, ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ಇನ್ನೊಂದು, ತಲೆಕೆಳಗಾಗಿ ನೇತಾಡುತ್ತಾ ಪೊರೆ ಬಿಡುತ್ತಿದ್ದರೆ ದೂರದಿಂದ ತೆಗೆಯಿರಿ, ರೆಂಬೆ ಮುಟ್ಟಬೇಡಿ. ಹೊಸ ಚರ್ಮ ಮೆತ್ತಗಿರುತ್ತದೆ. ಆಗ ಕೆಳಗೆ ಬಿದ್ದರೆ ಕಾಲು ಸೊಟ್ಟಗಾಗಿ ಹಾಗೇ ಗಟ್ಟಿಯಾಗಬಹುದು, ಸತ್ತೂ ಹೋಗಬಹುದು.

ಇಷ್ಟೆಲ್ಲಾ ತಯಾರಿ ಮಾಡಿಕೊಂಡು ಹೋದಾಗ ಒಂದಲ್ಲ ಒಂದು ಸಲ ಅದು ಜಿಗಿದು ಲೆನ್ಸ್ ಮೇಲೆಯೇ ಕೂರುತ್ತದೆ. ಅಲ್ಲಿಂದ ಕ್ಯಾಮೆರಾ, ಕ್ಯಾಮೆರಾದಿಂದ ಕೈ, ಕೈಯಿಂದ ತಲೆ. ಗಾಬರಿ ಬೇಡ, ವಿಷ ಇಲ್ಲ. ಹಿಡಿದು ಎಳೆಯಲು ಹೋಗಬೇಡಿ, ಮುಳ್ಳುಕಾಲಿನಿಂದ ಒಂದು ಏಟು ಕೊಡಬಹುದು, ಅದರ ಕಾಲೂ ಮುರಿಯಬಹುದು. ಮುಖದ ಮುಂದೆ, ಸ್ವಲ್ಪ ಮೇಲ್ಮುಖವಾಗಿ ಒಂದು ಕಡ್ಡಿ ಹಿಡಿದು ಹಿಂದಿನಿಂದ ಮೆಲ್ಲಗೆ ಬೆರಳು ತಾಕಿಸಿ. ಮೇಲಕ್ಕೆ ಹತ್ತೋದು ಅದರ ಚಾಳಿ, ತಾನಾಗೇ ಕಡ್ಡಿ ಏರುತ್ತದೆ. ಎಲ್ಲಿತ್ತೋ ಅದೇ ಗಿಡಕ್ಕೆ ಬಿಟ್ಟು ಬನ್ನಿ. ತಲೆ ಮೇಲೆ ಕೂತಿದ್ದಾಗ ಪಕ್ಕದಲ್ಲಿದ್ದವರು ನಿಮ್ಮ ಫೋಟೋ ತೆಗೆದಿದ್ದರೆ ಅದನ್ನೂ ಇಟ್ಟುಕೊಳ್ಳಿ.