ಯಾರೂ ಬಾಳದ ಮನೆಯ ನೆಲದಲ್ಲಿ

ಬಾಸ್ಟನ್ ನಗರದ ನೈಋತ್ಯ ಅಂಚಿನ ವೆಸ್ಟ್ ರಾಕ್ಸ್‌ಬರಿಯಲ್ಲಿ, ಚಾರ್ಲ್ಸ್ ನದಿಯ ಜೌಗು ನೆಲದ ಪಕ್ಕದಲ್ಲಿ, ಬ್ರೂಕ್ ಫಾರ್ಮ್ ಎಂಬ ಜಾಗವಿದೆ. ಅಲ್ಲಿನ ಪುರಾತತ್ವ ನಡಿಗೆಗೆ ಹೋಗುವಾಗ ನನ್ನ ಮನಸ್ಸಿನಲ್ಲಿದ್ದುದು 1841ರಲ್ಲಿ ಜಾರ್ಜ್ ರಿಪ್ಲಿ ಮತ್ತು ಸೋಫಿಯಾ ರಿಪ್ಲಿ ದಂಪತಿ ಕಟ್ಟಿದ ಸಮುದಾಯ. ಓದುವವರು ಮತ್ತು ದುಡಿಯುವವರು ಬೇರೆಬೇರೆಯಾಗಿರಬಾರದು, ಗಂಡಸಾಗಲಿ ಹೆಂಗಸಾಗಲಿ ಯಾವ ಕೆಲಸ ಮಾಡಿದರೂ ಕೂಲಿ ಒಂದೇ ಆಗಿರಬೇಕು ಎಂದು ನಂಬಿ, ಪಾದ್ರಿಯ ವೃತ್ತಿಯನ್ನು ಬಿಟ್ಟು ಬಂದ ರಿಪ್ಲಿಯವರ ಪ್ರಯೋಗ ಅದು. ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಕೂಡ ಮೊದಲ ತಿಂಗಳುಗಳಲ್ಲಿ ಇಲ್ಲಿದ್ದು ಕೊಟ್ಟಿಗೆಯ ಗೊಬ್ಬರ ಎತ್ತಿದ್ದರು.

ಆದರೆ ನೆಲದ ಮೇಲೆ ಆ ಕಾಲದ ಒಂದು ಕಟ್ಟಡವೂ ಈಗ ಉಳಿದಿಲ್ಲ. ಕೊನೆಯದಾಗಿ ಉಳಿದಿದ್ದ ಮನೆ 1980ರ ದಶಕದಲ್ಲಿ ಸುಟ್ಟುಹೋಯಿತು. ಅದಕ್ಕೆ ಲೇಖಕಿ ಮಾರ್ಗರೆಟ್ ಫುಲ್ಲರ್ ಅವರ ಹೆಸರು ಅಂಟಿಕೊಂಡಿತ್ತು, ಆದರೆ ಅವರು ಆಗಾಗ ಬಂದು ಹೋಗುತ್ತಿದ್ದರೇ ಹೊರತು ಸಮುದಾಯದ ಸದಸ್ಯರಾಗಿರಲಿಲ್ಲ. ಇಂದು ನಿಂತಿರುವ ಮುದ್ರಣಾಲಯದ ಕಟ್ಟಡ ಆಮೇಲೆ ಬಂದ ಲೂಥರನ್ ಅನಾಥಾಲಯದ ಕಾಲದ್ದು. ಸಮುದಾಯ ಮುಚ್ಚಿದ ಮೇಲೆ ಈ ಜಾಗ ಬಡವರ ಆಶ್ರಯಧಾಮವಾಯಿತು, 1861ರಲ್ಲಿ ಅಂತರ್ಯುದ್ಧದ ಸೈನಿಕರ ತರಬೇತಿ ಶಿಬಿರವಾಯಿತು, ಬಳಿಕ ಅನಾಥ ಮಕ್ಕಳ ಮನೆಯಾಯಿತು. ಆರು ವರ್ಷದ ಕನಸಿನ ಮೇಲೆ ನೂರು ವರ್ಷಕ್ಕೂ ಮೀರಿದ ಬೇರೆಯವರ ಬದುಕು ಹಾಸಿದೆ. ಒಂದು ತಳಪಾಯದ ಕಲ್ಲು ಕಂಡೊಡನೆ ಅದು ರಿಪ್ಲಿಯವರ ಕಾಲದ್ದೇ ಎಂದು ಹೇಳಲಾಗದಿರುವುದೇ ಇಲ್ಲಿನ ಪುರಾತತ್ವದ ಕಷ್ಟ.

ಫ್ಯಾಲನ್‌ಸ್ಟರಿ ಎಂಬ ಸಾಮೂಹಿಕ ಮನೆ ಇದ್ದ ಸ್ಥಳದಲ್ಲಿ ನಾನು ಬಹಳ ಹೊತ್ತು ನಿಂತೆ. 1844ರಲ್ಲಿ ಸಮುದಾಯವು ಫ್ರಾನ್ಸಿನ ಚಿಂತಕ ಶಾರ್ಲ್ ಫೂರಿಯೆಯ ತತ್ವವನ್ನು ಒಪ್ಪಿಕೊಂಡು, ಎಲ್ಲರೂ ಒಂದೇ ಸೂರಿನಡಿ ಇರಬೇಕೆಂದು 175 ಅಡಿ ಉದ್ದದ ಮರದ ಮನೆಯನ್ನು ಕಟ್ಟತೊಡಗಿತು. 1846ರ ಮಾರ್ಚ್ 3ರ ರಾತ್ರಿ, ಇನ್ನೂ ಪೂರ್ತಿಯಾಗದ ಆ ಮನೆಗೆ ಬೆಂಕಿ ತಗುಲಿ ಎಲ್ಲವೂ ಬೂದಿಯಾಯಿತು; ವಿಮೆಯೂ ಇರಲಿಲ್ಲ. ಹಳೆಯ ಮನೆಯೊಂದರ ನೆಲವನ್ನು ಅಗೆದಾಗ ಸಾಮಾನ್ಯವಾಗಿ ಒಡೆದ ತಟ್ಟೆ, ಎಲುಬು, ಅಂಗಿಯ ಗುಂಡಿಗಳಿಂದ ಅಲ್ಲಿ ಬಾಳಿದವರ ದಿನಚರಿಯನ್ನು ಓದುತ್ತಾರೆ. ಇಲ್ಲಿ ಯಾರೂ ಉಂಡಿರಲಿಲ್ಲ, ಮಲಗಿರಲಿಲ್ಲ. ಎಲ್ಲರಿಗಾಗಿ ಕಟ್ಟಿದ ಮನೆಯ ಮಣ್ಣು ಮನೆವಾರ್ತೆಯ ಗುರುತನ್ನೇ ಹೊತ್ತಿರಲಾರದು ಎಂಬ ಯೋಚನೆಯಿಂದ ನನಗೆ ನಿಜಕ್ಕೂ ಸಂಕಟವಾಯಿತು.

ಸೋಲಿಗೆ ಬೆಂಕಿಯೊಂದೇ ಕಾರಣವಲ್ಲ ಎಂಬುದನ್ನು ನಡೆಯುವ ಪಾದಗಳೇ ಹೇಳುತ್ತವೆ. ನೆಲ ಜಲ್ಲಿಮಯ, ಹುಲ್ಲಿಗೆ ಒಗ್ಗುತ್ತದೆಯೇ ಹೊರತು ಬೆಳೆಗೆ ಅಷ್ಟಾಗಿ ಅಲ್ಲ. ಅವರನ್ನು ಬಹುಮಟ್ಟಿಗೆ ಸಾಕಿದ್ದು ಹೊಲವಲ್ಲ, ಅವರು ನಡೆಸುತ್ತಿದ್ದ ಒಳ್ಳೆಯ ಶಾಲೆ. ಈ ಮಣ್ಣನ್ನು ಮುಟ್ಟಿ ನೋಡಿದ ಮೇಲೆ, ಪುಸ್ತಕದ ಜನರಿಗೆ ಬೇಸಾಯ ಬರಲಿಲ್ಲ ಎಂದು ಸುಲಭವಾಗಿ ತೀರ್ಪು ಕೊಡುವವರ ಮಾತು ಅನ್ಯಾಯವೆನಿಸಿತು.

ಕೊನೆಗೆ ನಾವು ಐರಿ ಎಂಬ ಮನೆಯಿದ್ದ ದಿಬ್ಬವನ್ನು ಹತ್ತಿದೆವು. ಉರುಟು ಕಲ್ಲುಗಳು ಒತ್ತಾಗಿ ಹುದುಗಿರುವ, ಇಲ್ಲಿನವರು ಪುಡ್ಡಿಂಗ್‌ಸ್ಟೋನ್ ಎನ್ನುವ ಬಂಡೆಗಳು ಅಲ್ಲಿ ಮೇಲೆದ್ದಿವೆ. ರಿಪ್ಲಿಯವರ ಗ್ರಂಥಾಲಯ ಇದ್ದದ್ದು ಅದೇ ಮನೆಯಲ್ಲಿ. ಬೆಂಕಿಯ ಬಳಿಕ ಸಮುದಾಯ ಕುಸಿಯುತ್ತಿದ್ದಾಗ ಅವರು ಆ ಪುಸ್ತಕಗಳನ್ನು ಮಾರಿದರು. 1847ರಲ್ಲಿ ಎಲ್ಲವೂ ಮುಗಿದ ಮೇಲೆ ನ್ಯೂಯಾರ್ಕಿನಲ್ಲಿ ಪತ್ರಿಕೆಗೆ ಬರೆದು ಬರೆದು, ಸಮುದಾಯದ ಸಾಲವನ್ನು ವರ್ಷಗಟ್ಟಲೆ ತೀರಿಸಿದರು.