ಕೈ ಹಿಡಿದು ಕರೆದುಕೊಂಡು ಹೋದವನು

ಹನ್ನೊಂದು ಅಧ್ಯಾಯ ಬರೆದಾಗಿತ್ತು. ಹನ್ನೆರಡನೆಯದರಲ್ಲಿ ಪ್ರಾಚೀನ ಗ್ರೀಸಿನ ಸ್ಪಾರ್ಟಾ ರಾಜ್ಯದ ದೊರೆ ಲಿಯೊನಿಡಾಸ್ ಸಾಯಬೇಕು. ಸಾಯಿಸುವ ಮೊದಲು ಅವನು ಸತ್ತ ಜಾಗವನ್ನೊಮ್ಮೆ ಕಣ್ಣಾರೆ ನೋಡಿಬಿಡೋಣ ಅಂತ ನಾನು, ನಮ್ಮ ಮನೆಯವರು, ಹನ್ನೆರಡು ವರ್ಷದ ಮಗಳು ಅಥೆನ್ಸಿನಿಂದ ಬಾಡಿಗೆ ಕಾರಿನಲ್ಲಿ ಹೊರಟೆವು. ಥರ್ಮೊಪಿಲೆ ಸುಮಾರು 200 ಕಿಲೋಮೀಟರ್ ದೂರ. ಆಗಸ್ಟ್ ಬಿಸಿಲು. ಹಸ್ತಪ್ರತಿ ನನ್ನ ತೊಡೆಯ ಮೇಲಿತ್ತು. ಮಕ್ಕಳಿಗೆ ಕನ್ನಡದಲ್ಲಿ ಸ್ಪಾರ್ಟಾದ ಯೋಧರ ಕತೆ ಹೇಳಬೇಕೆಂಬ ಹುಚ್ಚು ನನ್ನದು; ಮೊದಲ ಓದುಗಾರ್ತಿ, ಮೊದಲ ತಕರಾರುಗಾರ್ತಿ ಈ ಮಗಳೇ.

ಪರ್ಷಿಯನ್ನರ ದಂಡನ್ನು ಲಿಯೊನಿಡಾಸ್ ತಡೆದು ನಿಂತ ಕ್ರಿ.ಪೂ. 480ರ ಆ ದಾರಿಯನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ನಡೆದಿದ್ದೆ. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಕಡಲು, ನಡುವೆ ಕೆಲವು ಕಡೆ ಒಂದೇ ಗಾಡಿ ಹೋಗುವಷ್ಟು ಜಾಗ. ಇಳಿದು ನೋಡಿದರೆ ಬಯಲು! ಹೊಲ, ಟಾರು ರಸ್ತೆ, ಬುಸುಗುಟ್ಟಿಕೊಂಡು ಹೋಗುವ ಲಾರಿಗಳು. ಸ್ಪೆರ್ಖಿಯೋಸ್ ನದಿ ಎರಡೂವರೆ ಸಾವಿರ ವರ್ಷ ಹೂಳು ತಂದು ಸುರಿದು ಕಡಲನ್ನು ಎಷ್ಟೋ ಕಿಲೋಮೀಟರ್ ಆಚೆ ತಳ್ಳಿಬಿಟ್ಟಿದೆ. ಇದು ಓದಿ ಗೊತ್ತಿತ್ತು. ಆದರೂ ಕಣ್ಣಿಗೆ ಮೋಸವಾದಂತಾಯಿತು. ಬದಲಾಗದೆ ಉಳಿದದ್ದು ಬಿಸಿನೀರಿನ ಬುಗ್ಗೆ ಮಾತ್ರ. ಊರಿನ ಹೆಸರಿಗೇ 'ಬಿಸಿ ಬಾಗಿಲು' ಎಂದರ್ಥ. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ, ಅದರಲ್ಲೇ ಕುತ್ತಿಗೆವರೆಗೂ ಮುಳುಗಿ ಹಾಯಾಗಿ ಕೂತ ಅಜ್ಜಂದಿರು.

ರಸ್ತೆ ಪಕ್ಕದಲ್ಲೇ 1955ರಲ್ಲಿ ನಿಲ್ಲಿಸಿದ ಲಿಯೊನಿಡಾಸನ ಕಂಚಿನ ಪ್ರತಿಮೆ. ತಲೆಗೆ ಶಿರಸ್ತ್ರಾಣ, ಕೈಯಲ್ಲಿ ಈಟಿ, ಗುರಾಣಿ; ಮೈಮೇಲೆ ನೂಲಿಲ್ಲ. "ತಲೆ ಒಂದಕ್ಕೇ ಏಟು ಬೀಳುತ್ತೆ ಅಂದ್ಕೊಂಡಿದ್ನಾ?" ಅಂದಳು ಮಗಳು. ಅವರಪ್ಪ ನಕ್ಕರು, ನಾನು ನಗಲಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ನಾನೂ ಅವನನ್ನು ಹೆಚ್ಚುಕಡಿಮೆ ಹೀಗೇ ನಿಲ್ಲಿಸಿದ್ದೆ.

ರಸ್ತೆ ದಾಟಿದರೆ ಕೊಲೊನೊಸ್ ಎಂಬ ಪುಟ್ಟ ಗುಡ್ಡ. ಕೊನೆಯವರು ನಿಂತು ಕಾದಾಡಿ ಬಿದ್ದದ್ದು ಇಲ್ಲೇ ಅನ್ನುವುದಕ್ಕೆ ಸಾಕ್ಷಿಯಾಗಿ 1939ರ ಉತ್ಖನನದಲ್ಲಿ ರಾಶಿ ಬಾಣದ ಮೊನೆಗಳು ಸಿಕ್ಕವು. ಮೇಲೆ ಶಾಸನದ ಕಲ್ಲು: ನಿಮ್ಮ ಮಾತಿನಂತೆ ನಡೆದು ಇಲ್ಲಿ ಮಲಗಿದ್ದೇವೆಂದು ಸ್ಪಾರ್ಟಾದವರಿಗೆ ತಿಳಿಸು ಎಂದು ದಾರಿಹೋಕನಿಗೆ ಹೇಳುವ ಸಾಲು. ಅದರ ಪಕ್ಕ ಕೂತು ನನ್ನ ಹನ್ನೊಂದನೇ ಅಧ್ಯಾಯ ಓದಿದೆ.

ಪ್ರಾಚೀನ ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಹೇಳುವ ಒಂದು ಪ್ರಸಂಗ ಅದು. ಯೂರಿಟಸ್, ಅರಿಸ್ಟೊಡೆಮಸ್ ಎಂಬ ಇಬ್ಬರು ಸ್ಪಾರ್ಟಾದವರು ಕಣ್ಣುಬೇನೆ ಬಂದು ಹಿಂದಿನ ಹಳ್ಳಿಯಲ್ಲಿ ಮಲಗಿದ್ದರು. ಪರ್ಷಿಯನ್ನರು ಬೆಟ್ಟ ಬಳಸಿ ಬಂದರೆಂದು ತಿಳಿದಾಗ ಯೂರಿಟಸ್ ಕವಚ ತೊಟ್ಟು, ತನ್ನ ಹೆಲಟ್‌ಗೆ, ಅಂದರೆ ಸ್ಪಾರ್ಟಾದವರ ಅಡಿಯಾಳಿಗೆ, "ನನ್ನನ್ನು ಯುದ್ಧಕ್ಕೆ ಕರೆದುಕೊಂಡು ಹೋಗು" ಎಂದ. ಅವನು ಕರೆದೊಯ್ದು ಬಿಟ್ಟು ಓಡಿಹೋದ. ಕಣ್ಣು ಕಾಣದ ಯೂರಿಟಸ್ ನುಗ್ಗಿ ಸತ್ತ. ಊರಿಗೆ ಮರಳಿದ ಅರಿಸ್ಟೊಡೆಮಸ್‌ಗೆ ಯಾರೂ ಒಲೆಗೆ ಬೆಂಕಿ ಕೊಡಲಿಲ್ಲ, ಯಾರೂ ಮಾತಾಡಿಸಲಿಲ್ಲ. ಅಂಜುಬುರುಕ ಎಂಬ ಹೆಸರು ಹೊತ್ತು, ಮರುವರ್ಷ ಪ್ಲಾಟಿಯಾದ ಯುದ್ಧದಲ್ಲಿ ಹುಚ್ಚನಂತೆ ಕಾದಾಡಿ ಸತ್ತ. ಮಕ್ಕಳ ಕಣ್ಣಲ್ಲಿ ನೀರು ತರಿಸಬೇಕೆಂದೇ ಬರೆದಿದ್ದೆ.

"ಕೈ ಹಿಡ್ಕೊಂಡು ಹೋದವನ ಹೆಸರೇನಮ್ಮ?"

"ಹೆರೊಡೋಟಸ್ ಹೇಳಿಲ್ಲ ಕಣೆ."

"ನೀನಾದ್ರೂ ಇಡಬಹುದಿತ್ತಲ್ಲ. ಬರೀ ಸೇವಕ ಅಂತ ಬರ್ದಿದೀಯ. ಸಂಬಳ ಕೊಡ್ತಿದ್ರಾ?"

ಕೊಡುತ್ತಿರಲಿಲ್ಲ. ಹೆಲಟ್ ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯಲಿ ಎಂದು ತಿಣುಕಾಡಿ, ಮಕ್ಕಳಿಗೆ ಸುಲಭವಾಗಲಿ ಅಂತ 'ಸೇವಕ' ಹಾಕಿ ಮುಂದೆ ಹೋಗಿದ್ದೆ. 'ಜೀತದಾಳು' ಹತ್ತಿರ ಬರುತ್ತದೆ. ಆದರೆ ಜೀತದ ಹಿಂದೆ ಸಾಮಾನ್ಯವಾಗಿ ಒಂದು ಸಾಲದ ಕತೆ ಇರುತ್ತದೆ, ಇವರು ಯಾರಿಗೂ ಏನೂ ಬಾಕಿ ಇರಲಿಲ್ಲ. ಸ್ಪಾರ್ಟಾ ಗೆದ್ದುಕೊಂಡಿದ್ದ ಮೆಸ್ಸೀನಿಯಾದಲ್ಲಿ ತಮ್ಮ ಹಿರಿಯರದ್ದೇ ನೆಲ ಉತ್ತು, ಬೆಳೆಯ ಪಾಲನ್ನು ಗೆದ್ದವರಿಗೆ ಅಳೆದುಕೊಡುತ್ತಿದ್ದವರು. ಪ್ರತಿವರ್ಷ ಸ್ಪಾರ್ಟಾದ ಅಧಿಕಾರಿಗಳು ಇವರ ಮೇಲೆ ಯುದ್ಧ ಸಾರುತ್ತಿದ್ದರಂತೆ, ಕೊಂದರೆ ದೋಷ ತಟ್ಟಬಾರದು ಅಂತ, ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಏಳನೇ ವಯಸ್ಸಿಗೆ ಮನೆ ಬಿಟ್ಟು ತಾಲೀಮಿಗೆ ಸೇರುವ ಹುಡುಗರ ಬಗ್ಗೆ ಮೂರು ಅಧ್ಯಾಯ ಬರೆದ ನಾನು, ಅವರ ಹೊಲ ಯಾರು ಉಳುತ್ತಿದ್ದರು ಎಂದು ಒಂದು ಸಾಲೂ ಬರೆದಿರಲಿಲ್ಲ. ಪ್ಲಾಟಿಯಾದಲ್ಲಿ ಒಬ್ಬ ಸ್ಪಾರ್ಟಾದವನಿಗೆ ಏಳು ಹೆಲಟ್‌ಗಳು. ಈ ಗುಡ್ಡದ ಹೆಣಗಳಲ್ಲೂ ಹೆಲಟರಿದ್ದರು. ಅದನ್ನೂ ಹೆರೊಡೋಟಸನೇ ಹೇಳಿದ್ದಾನೆ. ನಾನೇ ಆ ಸಾಲನ್ನು ದಾಟಿ ಹೋಗಿದ್ದೆ. ಕಲ್ಲಿನ ಮೇಲಿನ ಆ 'ನಾವು' ಅನ್ನುವುದರಲ್ಲಿ ಅವರು ಸೇರಿದ್ದಾರೋ ಇಲ್ಲವೋ.

"ಓಡಿಹೋಗಿದ್ದು ತಪ್ಪಾ?"

ಉತ್ತರ ಹೊಳೆಯಲಿಲ್ಲ. ಹನ್ನೊಂದನೇ ಅಧ್ಯಾಯದಲ್ಲಿ ಅವನಿಗೆ ನಾನು ಕೊಟ್ಟಿದ್ದ ವಿಶೇಷಣ 'ಹೇಡಿ'. ಪೆನ್ನು ತೆಗೆದು ಹೊಡೆದುಹಾಕಿದೆ. ಅಷ್ಟಕ್ಕೆ ಅವಳು ಸುಮ್ಮನಾಗಲಿಲ್ಲ. ಎಲ್ಲಿಗೆ ಓಡಿದ ಅಂತ ಹುಡುಕಬೇಕಂತೆ. ಗುಡ್ಡದ ಮೇಲೆ ನಿಂತು ಲೆಕ್ಕ ಹಾಕಿದೆವು. ಪಶ್ಚಿಮಕ್ಕೆ ಪರ್ಷಿಯಾದ ದೊರೆ ಕ್ಸರ್ಕ್ಸೀಸನ ದಂಡು. ಪೂರ್ವಕ್ಕೆ ಬೆಟ್ಟದಿಂದ ಇಳಿಯುತ್ತಿದ್ದ ಪರ್ಷಿಯನ್ನರು. ಉತ್ತರಕ್ಕೆ, ಈಗ ಲಾರಿ ಓಡುವ ಕಡೆ, ಆಗಿನ ನೀರು. ಉಳಿದದ್ದು ದಕ್ಷಿಣದ ಕಲ್ಲಿಡ್ರೊಮೊ ಬೆಟ್ಟ, ಮುಳ್ಳುಪೊದೆ.

ಅಪ್ಪ ಬೇಡ ಅನ್ನುತ್ತಿದ್ದಂತೆಯೇ ಅವಳು ಆ ಕಡೆಯ ಏರಿನಲ್ಲಿ ನಾಲ್ಕು ಹೆಜ್ಜೆ ಹತ್ತಿ, ಸ್ಯಾಂಡಲ್ಲಿನೊಳಗೆ ಮುಳ್ಳು ಚುಚ್ಚಿಸಿಕೊಂಡು ಅಲ್ಲೇ ಕೂತಳು. ಮುಳ್ಳು ಕೀಳುತ್ತಾ ಕೇಳಿದಳು: "ಅವನ ಕಾಲಿಗೆ ಚಪ್ಪಲಿ ಇತ್ತಾ ಅಮ್ಮ?"

ಸ್ಪಾರ್ಟಾದ ಹುಡುಗರು ಬರಿಗಾಲಲ್ಲಿ ನಡೆದು ಪಾದ ಗಟ್ಟಿ ಮಾಡಿಕೊಳ್ಳುತ್ತಿದ್ದರು ಎಂದು ಎರಡನೇ ಅಧ್ಯಾಯದಲ್ಲಿ ಇಡೀ ಪುಟ ಬರೆದಿದ್ದೇನೆ. ಹಸ್ತಪ್ರತಿ ತಿರುಗಿಸಿ, ಹಿಂಬದಿಯ ಖಾಲಿ ಹಾಳೆಯಲ್ಲಿ ಅವಳ ಪ್ರಶ್ನೆಯನ್ನು ಹಾಗೇ ಬರೆದುಕೊಂಡೆ.